ಮಾತ್ರೆ ಬಿಟ್ಟಿದ್ದ ಅಪ್ಪನಿಂದ

ಪ್ರೀತಿಯ ಮಗಳೇ,

ಮೊನ್ನೆ ಜರ್ಮನಿಯ ಬಾನ್ ನಗರಕ್ಕೆ ಹೊರಡುವಾಗ ನೀನು ಅಮ್ಮನ ಕಾಲಿಗೆ ನಮಸ್ಕರಿಸಿ ನೇರವಾಗಿ ಕಾರು ಹತ್ತಿದೆ. ನನ್ನ ಮುಖ ನೋಡಲಿಲ್ಲ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ ಬರೆದುಕೊಟ್ಟಿದ್ದ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ನಾನು ಎರಡು ತಿಂಗಳಿಂದ ನುಂಗಿಲ್ಲವೆಂದು ತಿಳಿದ ಮೇಲೆ ನಿನಗೆ ಸಿಟ್ಟು ಬಂದದ್ದು ನ್ಯಾಯವೇ. ವರದಿಯಲ್ಲಿ ಕೊಲೆಸ್ಟ್ರಾಲ್ ಇಳಿದದ್ದನ್ನು ಕಂಡು ಇನ್ನು ಮಾತ್ರೆ ಬೇಡವೆಂದು ನಾನೇ ತೀರ್ಮಾನಿಸಿಬಿಟ್ಟೆ. ತಪ್ಪಾಯಿತು, ಮಗಳೇ.

ನೀನು ಮೇಜಿನ ಮೇಲೆ ಬಿಟ್ಟುಹೋದ ಟಿಪ್ಪಣಿಯನ್ನು ಮೂರು ಸಲ ಓದಿದೆ. ರಕ್ತನಾಳದ ಗೋಡೆಯೊಳಗೆ ಸೇರಿದ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಆಮ್ಲಜನಕದೊಂದಿಗೆ ವರ್ತಿಸಿ ಉತ್ಕರ್ಷಣೆಗೊಂಡಾಗ, ರೋಗಾಣುಗಳನ್ನು ಗುರುತಿಸಲೆಂದು ರಕ್ಷಕ ಕೋಶಗಳಲ್ಲಿ ಹುಟ್ಟಿನಿಂದಲೇ ಇರುವ ಟೋಲ್ ಗ್ರಾಹಕಗಳು ಅದನ್ನೂ ಶತ್ರುವೆಂದೇ ಎಣಿಸುತ್ತವೆ. ಅದನ್ನು ನುಂಗಿದ ಭಕ್ಷಕಕೋಶದೊಳಗೆ ಕೊಲೆಸ್ಟ್ರಾಲ್ ಹರಳುಗಟ್ಟಿದರೆ ಎನ್‌ಎಲ್‌ಆರ್‌ಪಿ3 ಎಂಬ ಇನ್ನೊಂದು ಗ್ರಾಹಕ ಎಚ್ಚೆತ್ತು, ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂಕೇತ ಪ್ರೋಟೀನ್ ಹೊರಬಿದ್ದು ಉರಿಯೂತ ಹೆಚ್ಚುತ್ತದೆ. ಇಷ್ಟು ಸೂಕ್ಷ್ಮವಾದ ವಿಷಯ ನನ್ನ ಮಗಳ ನಿತ್ಯದ ಕೆಲಸವೆಂಬ ಹೆಮ್ಮೆಯಲ್ಲಿ ಪಕ್ಕದ ಮನೆಯವರಿಗೂ ಓದಿ ಹೇಳಿದೆ.

ಆದರೆ ಓದುತ್ತಿದ್ದಂತೆ ಮನಸ್ಸು ಹೃದಯಾಘಾತವಾದ ಆ ರಾತ್ರಿಗೇ ಹೋಗುತ್ತದೆ. ಎದೆ ಹಿಂಡಿದಾಗ ಗ್ಯಾಸ್ ಎಂದುಕೊಂಡು, ದೀಪವನ್ನೂ ಹಾಕದೆ, ಓಮದ ನೀರು ಕುದಿಸಿಕೊಂಡು ಕುಡಿದೆ. ಬನಿಯನ್ನು ಬೆವರಿಗೆ ಬೆನ್ನಿಗಂಟಿತ್ತು, ಎಡ ದವಡೆ ಸೆಳೆಯುತ್ತಿತ್ತು. ಇನ್ನೊಂದು ಲೋಟ ಕುದಿಸಿದೆ. ಆಗ ಎರಡೂವರೆ ಗಂಟೆ. ಅಮ್ಮ ಹತ್ತು ಹೆಜ್ಜೆ ಆಚೆ ಮಲಗಿದ್ದರೂ ಎಬ್ಬಿಸಲಿಲ್ಲ. ಐದಕ್ಕೆ ಹಾಲಿನವನು ಬರುವವರೆಗೆ ಗೋಡೆಗೊರಗಿ ಕುಳಿತೇ ಇದ್ದೆ. ಆ ಎರಡೂವರೆ ತಾಸಿನಲ್ಲಿ ಸತ್ತ ಹೃದಯದ ಸ್ನಾಯು ಮರಳಿ ಬಾರದೆಂದು ಈಗ ತಿಳಿದಿದೆ. ಎಬ್ಬಿಸಬಹುದಿತ್ತು. ದಿನವೂ ಅದೇ ಯೋಚನೆ: ಎಬ್ಬಿಸಬಹುದಿತ್ತು.

ನಿನ್ನ ಮೈಯಲ್ಲಿ ಹರಿಯುವುದೂ ನನ್ನದೇ ರಕ್ತ. ರಕ್ತದ ಕೊಬ್ಬು ಅಳೆಯುವ ಲಿಪಿಡ್ ಪರೀಕ್ಷೆಯನ್ನು ಈ ತಿಂಗಳೇ ಮಾಡಿಸು. ಲ್ಯಾಬಿನ ನೆಪದಲ್ಲಿ ಊಟ, ನಿದ್ರೆ ಬಿಡಬೇಡ. ಎದೆಯಲ್ಲಿ ಏನೇ ಆದರೂ ಗ್ಯಾಸ್ ಎಂದು ನೀನೇ ನಿರ್ಧರಿಸಬೇಡ. ಉಪದೇಶ ಮಾಡಬಾರದೆಂದುಕೊಂಡೇ ಕುಳಿತೆ, ಆಗಲಿಲ್ಲ. ನಿನ್ನ ಟಿಪ್ಪಣಿಯಲ್ಲಿ, 2017ರ ಕ್ಯಾಂಟೋಸ್ ಎಂಬ ಔಷಧ ಅಧ್ಯಯನದಲ್ಲಿ ಕೊಲೆಸ್ಟ್ರಾಲ್ ಇಳಿಸದೆ ಈ ಇಂಟರ್‌ಲ್ಯೂಕಿನ್ ಒಂದನ್ನೇ ತಡೆದರೂ ಹೃದಯಾಘಾತಗಳು ಕಡಿಮೆಯಾದವು, ಆದರೆ ಮಾರಕ ಸೋಂಕುಗಳು ಹೆಚ್ಚಿದವು ಎಂಬಲ್ಲಿ ನೀನು ಎರಡು ಗೆರೆ ಎಳೆದಿದ್ದೀಯೆ. ಸೋಂಕನ್ನು ಎದುರಿಸುವ ಕಾವಲನ್ನು ಉಳಿಸಿಕೊಂಡೇ ನಾಳದ ಉರಿಯನ್ನು ತಣಿಸುವ ದಾರಿ ನಿನ್ನ ಕಾಲದಲ್ಲಾದರೂ ಸಿಗಲಿ.

ನಿನ್ನೆ ಡಾಕ್ಟರನ್ನು ಕಂಡು ಮಾತ್ರೆ ಮತ್ತೆ ಶುರುಮಾಡಿದ್ದೇನೆ. ರಾತ್ರಿ ನುಂಗುವಾಗ ಅಮ್ಮ ಎದುರಿಗೇ ಕೂರುತ್ತಾಳೆ. ಭಾನುವಾರ ಫೋನ್ ಮಾಡುತ್ತೀಯಲ್ಲವೇ?

ನಿನ್ನ ಅಪ್ಪ