ಆಕ್ಸ್‌ಫರ್ಡ್‌ನಲ್ಲಿ ಹಾಕಿದ ಓಟು

ಆಕ್ಸ್‌ಫರ್ಡ್
5 ಮೇ 2024

ತೀರ್ಥರೂಪ ಅಪ್ಪನವರಿಗೆ ಮಗಳ ನಮಸ್ಕಾರಗಳು.

ನಾನು ಕ್ಷೇಮ. ಗುರುವಾರ ಇಲ್ಲಿಯ ನಗರಸಭೆಗೆ ಚುನಾವಣೆ ನಡೆಯಿತು, ನಾನೂ ಮತ ಹಾಕಿದೆ. ಗಾಬರಿಯಾಗಬೇಡಿ, ಪೌರತ್ವ ಬದಲಿಸಿಲ್ಲ. ಭಾರತ ಕಾಮನ್‌ವೆಲ್ತ್‌ನಲ್ಲಿರುವುದರಿಂದ ವೀಸಾ ಮೇಲೆ ಬಂದ ನಮ್ಮಂಥವರಿಗೂ ಇಲ್ಲಿ ಮತದಾನದ ಹಕ್ಕಿದೆ, ಪಾರ್ಲಿಮೆಂಟಿಗೂ ಸಹ. ನನ್ನ ಜೊತೆಗಿರುವ ಚೀನಾದ ಹುಡುಗಿಗೆ ಇಲ್ಲ. ಇಲ್ಲಿನವರೇ ಆದ ವಿದ್ಯಾರ್ಥಿಗಳಂತೂ ಹುಟ್ಟೂರಿನಲ್ಲೂ ಓದುವ ಊರಿನಲ್ಲೂ ಹೆಸರು ಸೇರಿಸಿ, ಎರಡೂ ಕಡೆಯ ಸ್ಥಳೀಯ ಚುನಾವಣೆಗೆ ಮತ ಹಾಕಬಹುದು. ನಮ್ಮಲ್ಲಾದರೆ ಕೇಸು ಬೀಳುತ್ತದೆ!

ಓದಲು ಬಂದವರು ಊರಿನವರು ಹೌದೋ ಅಲ್ಲವೋ ಎಂಬ ಜಗಳ ಹಳೆಯದು. 1970ರಲ್ಲಿ ಬ್ರಿಸ್ಟಲ್ ಮತ್ತು ಕೇಂಬ್ರಿಜ್‌ನ ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋಗಿ, ಓದುವ ಊರಿನಲ್ಲೇ ಮತದಾರರಾಗಬಹುದೆಂದು ಲಾರ್ಡ್ ಡೆನ್ನಿಂಗ್ ಅವರಿಂದ ತೀರ್ಪು ಪಡೆದರು. ನಮ್ಮ ಪಕ್ಕದ ಮನೆಯ ಮುದುಕಿ ಮಾತ್ರ ಆ ತೀರ್ಪನ್ನು ಇನ್ನೂ ಒಪ್ಪಿಲ್ಲ. "ನೀವು ಕೌನ್ಸಿಲ್ ತೆರಿಗೆ (ನಮ್ಮ ಮನೆಕಂದಾಯದಂಥದ್ದು) ಕಟ್ಟುವುದಿಲ್ಲ, ಓದು ಮುಗಿದೊಡನೆ ಗಂಟುಮೂಟೆ ಕಟ್ಟುತ್ತೀರಿ. ನಿಮ್ಮ ಓಟಿನ ಫಲ ಉಣ್ಣುವವರು ನಾವು" ಎಂದು ಬೇಲಿಯಾಚೆಯಿಂದಲೇ ಅಂದರು. ಮನೆಯಲ್ಲಿರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಆ ತೆರಿಗೆ ಇಲ್ಲ ಎಂಬುದು ನಿಜ. ಆದರೆ ನಾನು ಹೋದ ಮೇಲೆ ನನ್ನ ಕೋಣೆಗೆ ಇನ್ನೊಬ್ಬ ವಿದ್ಯಾರ್ಥಿ ಬರುತ್ತಾನೆ. ಅದೇ ಬೂಸ್ಟು ಹಿಡಿದ ಗೋಡೆ, ಅದೇ ದುಬಾರಿ ಬಾಡಿಗೆ.

ಹಲವರು ಹಂಚಿಕೊಂಡಿರುವ ಬಾಡಿಗೆ ಮನೆಗಳಿಗೆ ಇಲ್ಲಿ ನಗರಸಭೆಯ ಪರವಾನಗಿ ಬೇಕು. ನಮ್ಮ ಗೋಡೆಯ ಚಿಂತೆಗೂ ಮುದುಕಿಯ ದೂರಿಗೂ (ನಮ್ಮ ಕಸದ ಡಬ್ಬಗಳು ಸದಾ ಕಾಲುದಾರಿಯಲ್ಲೇ ಬಿದ್ದಿರುತ್ತವೆ) ಔಷಧಿ ಅದೊಂದೇ: ಮನೆಮಾಲೀಕನನ್ನು ಸರಿಯಾಗಿ ವಿಚಾರಿಸಿಕೊಳ್ಳುವುದು. ಮತ ಕೇಳಲು ಬಂದವರಲ್ಲಿ ಒಬ್ಬಾಕೆಗೆ ಮಾತ್ರ ಇದು ಹೊಳೆದಿತ್ತು. ನಮ್ಮ ಬಾಗಿಲಲ್ಲೂ ಮುದುಕಿಯ ಬಾಗಿಲಲ್ಲೂ ಪರವಾನಗಿ ತಪಾಸಣೆಯ ಮಾತನ್ನೇ ಆಡಿದರು. ನನ್ನ ಓಟು ಆಕೆಗೆ. ಮುದುಕಿಯದೂ ಆಕೆಗೇ ಎಂದು ನನಗೆ ಗುಮಾನಿ.

ಬೇಸರವಾದದ್ದು ನಮ್ಮ ಮನೆಯ ಇಂಗ್ಲಿಷ್ ಹುಡುಗರ ವಿಷಯದಲ್ಲಿ. ಬಾಡಿಗೆಯ ಬಗ್ಗೆ ರಾತ್ರಿಯಿಡೀ ಭಾಷಣ ಮಾಡುವವರು ಹೆಸರನ್ನೇ ನೋಂದಾಯಿಸಿರಲಿಲ್ಲ. ಸರ್ಕಾರವೂ ಅವರಿಗೆ ಸಲೀಸು ಮಾಡಿಲ್ಲ ಅನ್ನಿ. ಕಳೆದ ವರ್ಷದಿಂದ ಮತಗಟ್ಟೆಯಲ್ಲಿ ಭಾವಚಿತ್ರದ ಗುರುತುಪತ್ರ ತೋರಿಸಬೇಕು. ವೃದ್ಧರ ಬಸ್ ಪಾಸ್ ನಡೆಯುತ್ತದೆ, ವಿಶ್ವವಿದ್ಯಾಲಯದ ಕಾರ್ಡ್ ನಡೆಯುವುದಿಲ್ಲ. ನನಗೆ ನಮ್ಮ ಪಾಸ್‌ಪೋರ್ಟ್ ಸಾಕಾಯಿತು. ಬೆರಳಿಗೆ ಶಾಯಿ ಇಲ್ಲ, ಯಂತ್ರವಿಲ್ಲ. ದಾರ ಕಟ್ಟಿದ ಪೆನ್ಸಿಲಿನಿಂದ ಕಾಗದದ ಮೇಲೆ X ಗುರುತು ಬರೆದು ಪೆಟ್ಟಿಗೆಗೆ ಹಾಕಿದೆ. ಎರಡನೆಯ ಮತಪತ್ರವೂ ಇತ್ತು, ಪೊಲೀಸರ ಮೇಲುಸ್ತುವಾರಿ ನೋಡುವ ಕಮಿಷನರನ್ನು ಆರಿಸಲು! ಇದನ್ನು ನಮ್ಮ ಠಾಣೆಯ ಪೇದೆಗೆ ತಪ್ಪದೆ ಹೇಳಿ.

ಫಲಿತಾಂಶ ಬಂದಿದೆ. ಒಟ್ಟು 48 ಸ್ಥಾನಗಳಲ್ಲಿ ಲೇಬರ್ ಪಕ್ಷದ ಬಳಿ ಈಗ 20, ಬಹುಮತವಿಲ್ಲ. ಗಾಜಾ ಯುದ್ಧದ ವಿಷಯಕ್ಕೆ ಕಳೆದ ಅಕ್ಟೋಬರಿನಲ್ಲೇ ಆ ಪಕ್ಷದ ಹಲವು ಸದಸ್ಯರು ಹೊರನಡೆದಿದ್ದರು. ಕಾರುಗಳ ಓಡಾಟ ತಡೆಯುವ ಯೋಜನೆಗಳನ್ನು ವಿರೋಧಿಸುವ ಹೊಸ ಗುಂಪೊಂದು ನಾಲ್ಕು ಸ್ಥಾನ ಗೆದ್ದಿದೆ. ತಮಾಷೆಯೆಂದರೆ ರಸ್ತೆಗಳು ಇರುವುದು ಕೌಂಟಿಯ ಕೈಯಲ್ಲಿ, ಅಂದರೆ ನಮ್ಮ ಜಿಲ್ಲಾ ಪಂಚಾಯಿತಿಯಂಥದ್ದರ ಕೈಯಲ್ಲಿ. ಏಟು ಬಿದ್ದದ್ದು ನಗರಸಭೆಗೆ. ಗ್ರಾಮ ಪಂಚಾಯಿತಿ ಸದಸ್ಯರಾಗಿ ಹೆದ್ದಾರಿಯ ಹೊಂಡಕ್ಕೆಲ್ಲ ಬೈಸಿಕೊಂಡ ನಿಮಗೆ ಇದನ್ನು ವಿವರಿಸಬೇಕಿಲ್ಲ.

ಹೊಟ್ಟೆಕಿಚ್ಚಾದದ್ದೂ ಉಂಟು. ಇಲ್ಲಿ ಎರಡು ವರ್ಷಕ್ಕೊಮ್ಮೆ ಅರ್ಧದಷ್ಟು ಸದಸ್ಯರು ಜನರೆದುರು ನಿಲ್ಲಲೇಬೇಕು. ನಮ್ಮ ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ನಡೆದದ್ದೇ ಕೊನೆಯ ಚುನಾವಣೆ.

ಮಂಗಳವಾರ ಸಾಗರದಲ್ಲಿ ಲೋಕಸಭೆಯ ಮತದಾನವಲ್ಲವೇ? ಬಿಸಿಲೇರುವ ಮೊದಲೇ ಅಜ್ಜಿಯನ್ನು ಕರೆದುಕೊಂಡು ಹೋಗಿ. ಯಾರಿಗೆ ಹಾಕಿದರೆಂದು ಕೇಳಬೇಡಿ, ಬೈಯುತ್ತಾರೆ. ಅಮ್ಮನಿಗೆ ಮುಂದಿನ ವಾರ ಬೇರೆಯಾಗಿ ಬರೆಯುತ್ತೇನೆ.

ಇಂತಿ ನಿಮ್ಮ ಮಗಳು,
ಸುಮಾ