ಕುಕ್ಕರ್ ಯಾರೂ ತರಬೇಡಿ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನಾನು ಹಾಕಿದ ಮೆಸೇಜಿನಲ್ಲಿ ‘ಭಾನುವಾರ ಕುಕ್ಕರ್ ಹಳೇದು ಕರೆ’ ಅಂತ ಬಂದಿದೆ. ನಾನು ಬಾಯಲ್ಲಿ ಹೇಳಿದ್ದು ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ. ಕನ್ನಡಕ ಸಿಗದೆ ಮೈಕ್ ಒತ್ತಿ ಹೇಳಿದೆ, ಪಕ್ಕದಲ್ಲಿ ನಮ್ಮನೆಯವರು ನಿಜವಾಗಲೂ ಕುಕ್ಕರ್ ಕೂಗಿಸ್ತಿದ್ದರು. ಫೋನಿನ ತಪ್ಪು ಅರ್ಧ ಮಾತ್ರ ಅನ್ನಿ.

ವಾಟ್ಸ್ಆ್ಯಪ್‌ನಲ್ಲಿ ತಿದ್ದೋಕೆ ಇರೋದು 15 ನಿಮಿಷ. ನಾನು ಊಟ ಮುಗಿಸಿ ನೋಡೋ ಹೊತ್ತಿಗೆ ಒಬ್ಬರು ಎಕ್ಸ್‌ಚೇಂಜ್ ಆಫರ್ ಕಳಿಸಿದ್ದರು, ಇನ್ನೊಬ್ಬರು ‘ಗ್ಯಾಸ್ಕೆಟ್ ಬದಲಾಯಿಸಿ ಸಾಕು’ ಅಂದಿದ್ದರು. ಮೂವರು ಹೆಬ್ಬೆಟ್ಟು ಒತ್ತಿದ್ದಾರೆ. ಯಾವುದಕ್ಕೆ ಒಪ್ಪಿದರೋ ಗೊತ್ತಾಗಲಿಲ್ಲ. ಅಳಿಸಿಬಿಡೋಣ ಅಂದರೆ ‘ಅಳಿಸಲಾಗಿದೆ’ ಅಂತ ಬೋರ್ಡು ಬೇರೆ ಬೀಳುತ್ತೆ, ಆಮೇಲೆ ಏನಿತ್ತು ಅಂತ ಹತ್ತು ಫೋನು.

ಸರಿ, ವಿಷಯ ಇಷ್ಟು: ಭಾನುವಾರ ಬೆಳಿಗ್ಗೆ 6.30ಕ್ಕೆ ಕೆರೆಯ ಬೋಗಾದಿ ರಸ್ತೆ ಕಡೆ ಗೇಟಲ್ಲಿ ಸೇರೋದು. ಲೈವ್ ಲೊಕೇಶನ್ ಹಾಕೋರು ದಯವಿಟ್ಟು 15 ನಿಮಿಷಕ್ಕೆ ಹಾಕಿ. ಹೋದ ವಾರ ಒಬ್ಬರು ಪೂರಾ 8 ಗಂಟೆ ಅವಧಿಗೆ ಹಾಕಿ ಮರೆತರು. ಹುಷಾರಿಲ್ಲ ಅಂತ ಅರ್ಧಕ್ಕೇ ಹೊರಟವರು ಅಗ್ರಹಾರದ ದೋಸೆ ಹೋಟೆಲಲ್ಲಿ ಮುಕ್ಕಾಲು ಗಂಟೆ ಕೂತಿದ್ದನ್ನ ಗುಂಪೆಲ್ಲ ನೋಡಿತು. ಹೆಸರು ಹೇಳಲ್ಲ, ಈ ಸಲ ಕಾಫಿ ಅವರದ್ದೇ.