'ಲೀಬೆರ್ತಾಸ್' ಎಂದಾಗಲೆಲ್ಲ 'ಸ್ವಾತಂತ್ರ್ಯ'ವಲ್ಲ

ಮಾನ್ಯ ಸಂಪಾದಕರೇ,

ಲಾಂಛನ, ಬಾವುಟ, ನಾಣ್ಯಗಳ ಮೇಲಿನ ಲ್ಯಾಟಿನ್ ಘೋಷವಾಕ್ಯಗಳು ನಮ್ಮ ಅಂಕಣಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ 'ಲೀಬೆರ್ತಾಸ್' ಬಂದ ಕಡೆಯಲ್ಲೆಲ್ಲ ಹಿಂದೆಮುಂದೆ ನೋಡದೆ 'ಸ್ವಾತಂತ್ರ್ಯ' ಎಂದು ಬರೆದುಬಿಡುವ ರೂಢಿ ಬೆಳೆದಿದೆ. ಆ ಪದ ಒಂದು ಕಡೆ 'ಬಿಡುಗಡೆ', ಮತ್ತೊಂದು ಕಡೆ 'ಹಂಗಿಲ್ಲದ ಸ್ಥಿತಿ', ಕೆಲವೊಮ್ಮೆ ಬರೀ 'ಸವಲತ್ತು'. ಯಾವುದು ಎಲ್ಲಿ ಎಂದು ತಿಳಿಯಬೇಕಾದರೆ ವಾಕ್ಯ ಎಲ್ಲಿಂದ ಬಂತು, ಅದರಲ್ಲಿ ಯಾವ ಪದಕ್ಕೆ ಕತ್ತರಿ ಬಿತ್ತು ಎಂಬುದನ್ನು ನೋಡಬೇಕು.

ಬ್ರೆಜಿಲಿನ ಮಿನಾಸ್ ಜೆರೈಸ್ ರಾಜ್ಯದ ಬಾವುಟವನ್ನೇ ನೋಡಿ. ಬಿಳಿ ಬಟ್ಟೆಯ ಮೇಲೆ ಕೆಂಪು ತ್ರಿಕೋನ, ಅದರ ಸುತ್ತ 'ಲೀಬೆರ್ತಾಸ್ ಕ್ವಾಯ್ ಸೇರ ತಮೆನ್' ಎಂಬ ಬರಹ. 'ತಡವಾದರೂ ಸ್ವಾತಂತ್ರ್ಯ' ಎಂಬುದು ಇದಕ್ಕೆ ಎಲ್ಲರೂ ಕೊಡುವ ಅರ್ಥ. ಆದರೆ ಇದು ಪೂರ್ತಿ ವಾಕ್ಯವೇ ಅಲ್ಲ. 'ಕ್ವಾಯ್' ಎಂದರೆ 'ಯಾವುದು', 'ಸೇರ' ಎಂದರೆ ತಡವಾದದ್ದು, 'ತಮೆನ್' ಎಂದರೆ 'ಆದರೂ'. ಕ್ರಿಯಾಪದ ಎಲ್ಲಿ? ಅದು ಮೂಲದಲ್ಲೇ ಉಳಿದುಹೋಗಿದೆ. ರೋಮನ್ ಕವಿ ವರ್ಜಿಲನ ಮೊದಲ ಗೋಪಗೀತೆಯ 27ನೇ ಸಾಲಿನಲ್ಲಿ ಈ ಮಾತಿನ ಬೆನ್ನಿಗೇ 'ರೆಸ್ಪೆಕ್ಸಿತ್ ಇನೆರ್ತೆಮ್' ಎಂದಿದೆ: ತಡವಾಗಿಯಾದರೂ ಅದು ಸೋಮಾರಿಯಾದ ನನ್ನತ್ತ ತಿರುಗಿ ನೋಡಿತು. ಬಾವುಟಕ್ಕೆ ಬಂದದ್ದು 'ತಡವಾಗಿಯಾದರೂ ಯಾವ ಬಿಡುಗಡೆಯು...' ಎಂಬಷ್ಟೇ ತುಂಡು.

ಹಾಗೆ ಹೇಳುವವನು ತೀತಿರುಸ್ ಎಂಬ ದನಗಾಹಿ, ಗಡ್ಡ ನರೆತ ಗುಲಾಮ. ಗಲತೇಯ ಎಂಬಾಕೆಯ ಜೊತೆಗಿದ್ದಷ್ಟು ಕಾಲ ತನಗೆ ಬಿಡುಗಡೆಯ ಆಸೆಯೂ ಇರಲಿಲ್ಲ, 'ಪೆಕೂಲಿಯುಮ್' ಕೂಡಿಡುವ ಯೋಚನೆಯೂ ಇರಲಿಲ್ಲ ಎನ್ನುತ್ತಾನೆ. ಪೆಕೂಲಿಯುಮ್ ಎಂದರೆ ಯಜಮಾನನ ಒಪ್ಪಿಗೆಯಿಂದ ಗುಲಾಮ ಇಟ್ಟುಕೊಳ್ಳುತ್ತಿದ್ದ ಕೈಗಂಟು. ಅದನ್ನು ಕೊಟ್ಟು ಎಷ್ಟೋ ಮಂದಿ ತಮ್ಮನ್ನು ತಾವೇ ಬಿಡಿಸಿಕೊಳ್ಳುತ್ತಿದ್ದರು. ಹಾಗಾಗಿ ಈ ಸಾಲಿನ 'ಲೀಬೆರ್ತಾಸ್' ದೇಶದ ಸ್ವಾತಂತ್ರ್ಯವಲ್ಲ, ಒಬ್ಬ ಆಳಿನ ಬಿಡುಗಡೆ. 1789ರಲ್ಲಿ ಮಿನಾಸ್ ಜೆರೈಸಿನಲ್ಲಿ, ಆಗ ಬ್ರೆಜಿಲನ್ನು ಆಳುತ್ತಿದ್ದ ಪೋರ್ಚುಗಲ್ಲಿನ ಚಿನ್ನದ ತೆರಿಗೆಯ ವಿರುದ್ಧ ಒಳಸಂಚು ಹೂಡಿದವರು ಈ ಮಾತನ್ನು ಆರಿಸಿಕೊಂಡರು. ಗುಲಾಮಗಿರಿಯನ್ನು ಏನು ಮಾಡಬೇಕೆಂಬುದರಲ್ಲಿ ಮಾತ್ರ ಅವರೊಳಗೇ ಒಮ್ಮತವಿರಲಿಲ್ಲ. ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. 'ತಡ' ಎಂಬ ಪದ ಅಲ್ಲಿ ಯಾರೂ ಎಣಿಸದ ರೀತಿಯಲ್ಲಿ ನಿಜವಾಯಿತು.

ರೋಮಿನಲ್ಲಿ ಈ ಬಿಡುಗಡೆ ಹೇಗೆ ನಡೆಯುತ್ತಿತ್ತು ಎಂಬುದು ಗೊತ್ತಿದ್ದರೆ ಘೋಷವಾಕ್ಯಗಳ ಅರ್ಧ ಗೋಜಲು ಬಿಡಿಸಿದಂತೆ. ಉಯಿಲಿನಲ್ಲಿ ಬರೆದು ಬಿಡಿಸಬಹುದಿತ್ತು, ಜನಗಣತಿಯ ಪಟ್ಟಿಗೆ ಪೌರನೆಂದು ಸೇರಿಸಬಹುದಿತ್ತು. ಹೆಚ್ಚು ಕುತೂಹಲದ್ದು ಕೋಲಿನ ವಿಧಿ. ಯಜಮಾನ ಮತ್ತು ಗುಲಾಮ ಇಬ್ಬರೂ ಪ್ರೇಟರ್ ಎಂಬ ನ್ಯಾಯಾಧಿಕಾರಿಯ ಮುಂದೆ ನಿಲ್ಲುತ್ತಾರೆ. ಮೂರನೆಯವನೊಬ್ಬ ಗುಲಾಮನಿಗೆ ಕೋಲು ಮುಟ್ಟಿಸಿ, 'ರೋಮನ್ ಪೌರರ ಕಾನೂನಿನ ಪ್ರಕಾರ ಈ ಮನುಷ್ಯ ಸ್ವತಂತ್ರ' ಎಂದು ಹಕ್ಕು ಸಾಧಿಸುತ್ತಾನೆ. ಯಜಮಾನ ತಕರಾರು ಎತ್ತುವುದಿಲ್ಲ. ಪ್ರೇಟರ್ 'ಹೌದು' ಎಂದು ತೀರ್ಪು ಕೊಡುತ್ತಾನೆ. ಒಟ್ಟಿನಲ್ಲಿ ಇದು ಸೋಲಲೆಂದೇ ಹೂಡಿದ ನಕಲಿ ದಾವೆ! ಪ್ರೇಟರ್ ಸ್ನಾನಕ್ಕೋ ನಾಟಕಕ್ಕೋ ಹೊರಟಿದ್ದರೂ ದಾರಿಯಲ್ಲೇ ನಿಲ್ಲಿಸಿ ಮುಗಿಸಿಕೊಳ್ಳಬಹುದಿತ್ತು. ಬಿಡುಗಡೆಗೆ ಗುಲಾಮನ ಬೆಲೆಯ ಇಪ್ಪತ್ತರಲ್ಲಿ ಒಂದು ಪಾಲು, ಅಂದರೆ ಶೇ 5ರಷ್ಟು ತೆರಿಗೆ.

ಇದು ಕೈಕೊಡುತ್ತಿದ್ದ ಸಂದರ್ಭಗಳೂ ಇದ್ದವು. ಕ್ರಿ.ಪೂ. 2ರ ಕಾನೂನು ಉಯಿಲಿನ ಮೂಲಕ ಎಷ್ಟು ಮಂದಿಯನ್ನು ಬಿಡಿಸಬಹುದೆಂದು ಮಿತಿ ಹಾಕಿತು. 3ರಿಂದ 10 ಗುಲಾಮರಿದ್ದರೆ ಅರ್ಧದಷ್ಟು, 30ರವರೆಗೆ ಮೂರನೇ ಒಂದು, 100ರವರೆಗೆ ಕಾಲು, 500ರವರೆಗೆ ಐದನೇ ಒಂದು. ಎಷ್ಟೇ ಇದ್ದರೂ 100 ದಾಟುವಂತಿಲ್ಲ. ಕ್ರಿ.ಶ. 4ರ ಕಾನೂನಿನ ಪ್ರಕಾರ ಯಜಮಾನನಿಗೆ 20, ಗುಲಾಮನಿಗೆ 30 ವರ್ಷ ತುಂಬಿರಬೇಕು, ಇಲ್ಲವೇ ಮಂಡಳಿಯೊಂದರ ಮುಂದೆ ತಕ್ಕ ಕಾರಣ ತೋರಿಸಬೇಕು. ಎಲ್ಲ ಸರಿಹೋದರೂ ಬಿಡುಗಡೆಯಾದವನು ಹಳೆಯ ಯಜಮಾನನಿಗೆ ಮರ್ಯಾದೆ ತೋರಬೇಕಿತ್ತು. ಮಾತು ಕೊಟ್ಟಿದ್ದರೆ ಇಷ್ಟು ದಿನದ ಚಾಕರಿಯನ್ನೂ ಸಲ್ಲಿಸಬೇಕಿತ್ತು.

ಬಿಡುಗಡೆಯಾದವನ ತಲೆಗೆ ಏರುತ್ತಿದ್ದದ್ದು 'ಪೀಲೆಯುಸ್', ಅಂಚಿಲ್ಲದ, ಮೊಟ್ಟೆಯ ತುದಿಯಂಥ ಉಣ್ಣೆ ಟೋಪಿ. ಸೀಸರನ ಕೊಲೆಯ ನಂತರ, ಕೊಂದವರಲ್ಲಿ ಒಬ್ಬನಾದ ಬ್ರೂಟಸ್ ಟಂಕಿಸಿದ ಬೆಳ್ಳಿ ನಾಣ್ಯದಲ್ಲಿ ಎರಡು ಬಾಕುಗಳ ನಡುವೆ ಇರುವುದು ಇದೇ. ತುದಿ ಮುಂದಕ್ಕೆ ಬಾಗಿದ ಫ್ರಿಜಿಯನ್ ಟೋಪಿ ಬೇರೆಯದು. ಫ್ರೆಂಚ್ ಕ್ರಾಂತಿಯ ಹೊತ್ತಿಗೆ ಎರಡೂ ಕಲಸಿಹೋದವು. ಟೋಪಿಯ ಮೂಲಾರ್ಥ ಮರೆಯದವರೂ ಇದ್ದರು. ವಾಷಿಂಗ್ಟನ್ನಿನ ಸಂಸತ್ ಭವನದ ಗುಮ್ಮಟಕ್ಕೆ ಸ್ವಾತಂತ್ರ್ಯದೇವಿಯ ಪ್ರತಿಮೆ ಮಾಡುವಾಗ ಶಿಲ್ಪಿ ಥಾಮಸ್ ಕ್ರಾಫರ್ಡ್ ಈ ಟೋಪಿ ತೊಡಿಸಲು ಹೊರಟರು. ಅದು ಬಿಡುಗಡೆಗೊಂಡ ಗುಲಾಮರ ಗುರುತು ಎಂದು ಆಗಿನ ಯುದ್ಧ ಕಾರ್ಯದರ್ಶಿ ಜೆಫರ್ಸನ್ ಡೇವಿಸ್ ಅಡ್ಡಿಪಡಿಸಿದರು. ಟೋಪಿಯ ಜಾಗಕ್ಕೆ ಶಿರಸ್ತ್ರಾಣ ಬಂತು. 1863ರ ಡಿಸೆಂಬರಿನಲ್ಲಿ ಆ ಕಂಚಿನ ಪ್ರತಿಮೆ ಗುಮ್ಮಟ ಏರಿತು. ಅದರ ಎರಕದಲ್ಲಿ ದುಡಿದವರಲ್ಲಿ ಫಿಲಿಪ್ ರೀಡ್ ಎಂಬ ಗುಲಾಮರೂ ಒಬ್ಬರು. ಪ್ರತಿಮೆ ಏರುವ ಹಿಂದಿನ ವರ್ಷವಷ್ಟೇ ಅವರಿಗೆ ಬಿಡುಗಡೆ ಸಿಕ್ಕಿತ್ತು.

ಗುಲಾಮಗಿರಿಯ ಎದುರುಪದವಾಗಿ ಹುಟ್ಟಿದ್ದರಿಂದಲೇ ರೋಮನ್ನರ ಚಿಂತನೆಯಲ್ಲಿ 'ಲೀಬೆರ್ತಾಸ್'ಗೆ ಒಂದು ಗಟ್ಟಿತನವಿದೆ. ರೋಮಿನ ವಾಗ್ಮಿ ಸಿಸೆರೋ ಹೇಳಿದ್ದು ಇಷ್ಟೇ: ಅದು ನ್ಯಾಯವಂತ ಯಜಮಾನ ಸಿಗುವುದರಲ್ಲಿಲ್ಲ, ಯಜಮಾನನೇ ಇಲ್ಲದಿರುವುದರಲ್ಲಿದೆ. ಒಳ್ಳೆಯ ಧಣಿ ಹೊಡೆಯದಿರಬಹುದು, ಹೊಟ್ಟೆತುಂಬ ಉಣಿಸಬಹುದು. ಆದರೂ ಹೊಡೆಯಬಲ್ಲ ಅಧಿಕಾರ ಅವನ ಕೈಯಲ್ಲಿರುವವರೆಗೆ ಆಳು ಆಳೇ. ಇದಕ್ಕೆ ಕನ್ನಡದಲ್ಲಿ ತಕ್ಕ ಪದ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 'ಹಂಗು' ಎಂಬ ಪದ ಇದೆಯಲ್ಲ! ಹಂಗಿನಲ್ಲಿರುವವನನ್ನು ಯಾರೂ ತಡೆಯದಿರಬಹುದು, ಹಂಗು ಮಾತ್ರ ಹೋಗಿರುವುದಿಲ್ಲ.

1651ರಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಜಗಳ ತೆಗೆದದ್ದು ಇದೇ ವಿಚಾರದ ಮೇಲೆ. ಇಟಲಿಯಲ್ಲಿ ಗಣರಾಜ್ಯವಾಗಿದ್ದ ಲುಕ್ಕಾ ನಗರದ ಬುರುಜುಗಳ ಮೇಲೆ ದಪ್ಪಕ್ಷರದಲ್ಲಿ 'ಲೀಬೆರ್ತಾಸ್' ಎಂದಿದ್ದ ಮಾತ್ರಕ್ಕೆ ಅಲ್ಲಿಯವನು ಸುಲ್ತಾನ ಆಳುತ್ತಿದ್ದ ಕಾನ್‌ಸ್ಟಾಂಟಿನೋಪಲ್ಲಿನವನಿಗಿಂತ ಹೆಚ್ಚು ಸ್ವತಂತ್ರನಲ್ಲ, ಎರಡೂ ಕಡೆ ಕಾನೂನು ಕಟ್ಟಿಹಾಕುತ್ತದೆ ಎಂಬುದು ಅವನ ವಾದ. ಐದು ವರ್ಷದ ನಂತರ ಇಂಗ್ಲೆಂಡಿನವನೇ ಆದ ಲೇಖಕ ಜೇಮ್ಸ್ ಹ್ಯಾರಿಂಗ್ಟನ್ ಇದಕ್ಕೆ ಉತ್ತರ ಕೊಟ್ಟ. ಸುಲ್ತಾನನ ದೊಡ್ಡ ಅಧಿಕಾರಿಯಾದ ಪಾಷಾ ಕೂಡ ತನ್ನ ತಲೆಗೂ ಆಸ್ತಿಗೂ ಗೇಣಿದಾರನಷ್ಟೇ, ದೊರೆಯ ಮರ್ಜಿ ಇರುವ ತನಕ. ಲುಕ್ಕಾದಲ್ಲಿ ತುಂಡು ನೆಲವಿದ್ದ ಬಡವನೂ ಎರಡಕ್ಕೂ ತಾನೇ ಒಡೆಯ. ಕಾನೂನಿಗೆ ಹೊರತಾಗಿರುವುದು ಬೇರೆ, ಕಾನೂನಿನ ಬಲದಿಂದ ಸ್ವತಂತ್ರನಾಗಿರುವುದು ಬೇರೆ ಎಂಬುದು ಅವನ ಉತ್ತರದ ತಿರುಳು. ಇಲ್ಲೊಂದು ಎಚ್ಚರ ಬೇಕು. 'ಕಾನೂನಿನಿಂದ ಸ್ವಾತಂತ್ರ್ಯ' ಎಂದು ಬರೆದರೆ ನಮ್ಮ 'ಇಂದ' ಎರಡೂ ಅರ್ಥ ಹೊತ್ತು ನಿಲ್ಲುತ್ತದೆ, ಹ್ಯಾರಿಂಗ್ಟನ್ ಬಿಡಿಸಿದ ಗಂಟು ಮತ್ತೆ ಬಿಗಿಯಾಗುತ್ತದೆ.

ಹಿಂದೆ ಗಣರಾಜ್ಯವಾಗಿದ್ದ, ಈಗ ಕ್ರೊಯೇಷಿಯಾದಲ್ಲಿರುವ ಡುಬ್ರೋವ್ನಿಕ್ ನಗರದ ಲೋವ್ರಿಯೆನಾಟ್ಸ್ ಕೋಟೆಯ ಬಾಗಿಲ ಮೇಲೆ, ಜಗತ್ತಿನ ಚಿನ್ನವನ್ನೆಲ್ಲ ಕೊಟ್ಟರೂ ಲೀಬೆರ್ತಾಸನ್ನು ಮಾರುವುದು ಒಳ್ಳೆಯದಲ್ಲ ಎಂದು ಕೆತ್ತಿದೆ. ಇದು ನಾಯಿ ಮತ್ತು ತೋಳದ ನೀತಿಕಥೆಯಿಂದ ಬಂದ ಸಾಲು. ಕೊಬ್ಬಿದ ನಾಯಿಯ ಕುತ್ತಿಗೆಯಲ್ಲಿ ಪಟ್ಟಿಯ ಗಾಯ ಕಂಡ ತೋಳ ಹಸಿವನ್ನೇ ಆರಿಸಿಕೊಳ್ಳುತ್ತದೆ. ಹಂಗಿನರಮನೆ ಬೇಡವೆಂದಂತೆ. ತಮಾಷೆಯೆಂದರೆ, ಇದೇ ಗಣರಾಜ್ಯ ಒಟ್ಟೋಮನ್ ಸುಲ್ತಾನನಿಗೆ ವರ್ಷಕ್ಕೆ 12,500 ಡುಕಾಟ್ ಕಪ್ಪ ಕಟ್ಟುತ್ತಿತ್ತು. ಇದನ್ನು ಬೂಟಾಟಿಕೆ ಎನ್ನುವವರಿದ್ದಾರೆ, ನನಗೆ ಹಾಗೆನಿಸುವುದಿಲ್ಲ. ಅವರು ಚಿನ್ನಕ್ಕೆ ಲೀಬೆರ್ತಾಸನ್ನು ಮಾರಲಿಲ್ಲ, ಚಿನ್ನ ಕೊಟ್ಟು ಉಳಿಸಿಕೊಂಡರು. ಊರೊಳಗೂ ಯಾರೂ ಧಣಿಯಾಗದಂತೆ ಮುಖ್ಯಸ್ಥನ ಅವಧಿಯನ್ನು ಒಂದೇ ತಿಂಗಳಿಗೆ ಕಟ್ಟಿದ್ದರು. ಆ ಸ್ಥಾನ ಕುಲೀನರ ಮನೆತನಗಳಿಗೆ ಮಾತ್ರ ಮೀಸಲು ಎಂಬುದು ಬೇರೆ ಮಾತು.

ಬಹುವಚನದಲ್ಲಿ 'ಲೀಬೆರ್ತಾತೇಸ್' ಬಂದರೆ ಸವಲತ್ತು ಎಂದು ತಿಳಿಯುವುದು ಕ್ಷೇಮ. ಇಂಗ್ಲೆಂಡಿನ ದೊರೆ ಕೊಟ್ಟ 1215ರ ಸನದು ಮ್ಯಾಗ್ನಾ ಕಾರ್ಟಾದಲ್ಲಿ ಚರ್ಚಿಗೂ ಲಂಡನ್ ನಗರಕ್ಕೂ ಖಾತ್ರಿಯಾದದ್ದು ಇವೇ. ಅದರ ಹೆಸರಾಂತ 39ನೇ ಕಲಮು ರಕ್ಷಿಸುವುದು 'ಸ್ವತಂತ್ರ ಮನುಷ್ಯ'ನನ್ನು. ಒಡೆಯನ ನೆಲಕ್ಕೆ ಕಟ್ಟುಬಿದ್ದ ಜೀತದ ರೈತ ಆ ಪದದೊಳಗಿಲ್ಲ.

ಮಿನಾಸ್ ಜೆರೈಸಿನ ವಾಕ್ಯ ಕ್ರಿಯಾಪದ ಕಳೆದುಕೊಂಡರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ್ದು ಕರ್ತೃಪದವನ್ನೇ ಕಳೆದುಕೊಂಡಿದೆ. 'ಏನ್ಸೆ ಪೆತಿತ್ ಪ್ಲಕಿದಮ್ ಸುಬ್ ಲೀಬೆರ್ತಾತೆ ಕ್ವಿಯೇತೆಮ್' ಎಂಬುದನ್ನು 'ಕತ್ತಿಯಿಂದ ನಾವು ಶಾಂತಿಯನ್ನು ಅರಸುತ್ತೇವೆ, ಆದರೆ ಸ್ವಾತಂತ್ರ್ಯದ ಅಡಿಯಲ್ಲಷ್ಟೇ' ಎಂದು ಅನುವಾದಿಸುತ್ತಾರೆ. 'ಪೆತಿತ್' (ಅರಸುತ್ತದೆ) ಏಕವಚನ, ಪ್ರಥಮ ಪುರುಷ. 'ನಾವು' ಅಲ್ಲಿ ಇಲ್ಲವೇ ಇಲ್ಲ. 1659ರಲ್ಲಿ ಇಂಗ್ಲಿಷ್ ರಾಜಕಾರಣಿ ಆಲ್ಜರ್ನನ್ ಸಿಡ್ನಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂದರ್ಶಕರ ಪುಸ್ತಕದಲ್ಲಿ ಬರೆದ ಎರಡು ಸಾಲುಗಳಲ್ಲಿ ಇದು ಎರಡನೆಯದು. ಮೊದಲ ಸಾಲು 'ನಿರಂಕುಶರಿಗೆ ಹಗೆಯಾದ ಈ ಕೈ'. ಅರಸುವುದು ಆ ಕೈ. 1780ರ ಮುದ್ರೆಯ ಮೇಲ್ಭಾಗದಲ್ಲಿ ಕತ್ತಿ ಹಿಡಿದ ತೋಳನ್ನು ಚಿತ್ರಿಸಿದ್ದರಿಂದ ಬಿಟ್ಟುಹೋದ ಕರ್ತೃಪದ ಚಿತ್ರವಾಗಿ ಮರಳಿತು ಎನ್ನಬಹುದು.

ಪತ್ರಿಕೆಗೆ ನನ್ನ ಕೋರಿಕೆ ಎರಡು. ಇಂಥ ವಾಕ್ಯ ಅಚ್ಚಾಗುವಾಗ ಮೂಲದ ಪೂರ್ತಿ ಸಾಲು, ಆಡಿದವರು ಯಾರು ಎಂಬುದು ಜೊತೆಗಿರಲಿ. ಇನ್ನೊಂದು ಕಾಗುಣಿತದ್ದು. ಲ್ಯಾಟಿನ್ನಿನಲ್ಲಿ ದೀರ್ಘದ 'ಲೀಬೆರ್' ಎಂದರೆ ಸ್ವತಂತ್ರ, ಹ್ರಸ್ವದ 'ಲಿಬೆರ್' ಎಂದರೆ ಪುಸ್ತಕ. ರೋಮನ್ ಅಕ್ಷರಗಳಲ್ಲಿ ಮೇಲೆ ಗೆರೆ ಎಳೆಯದಿದ್ದರೆ ಎರಡೂ ಒಂದೇ ಥರ ಕಾಣುತ್ತವೆ. ಕನ್ನಡ ಲಿಪಿಗೆ ಆ ತೊಂದರೆ ಇಲ್ಲ, 'ಎ' ಮತ್ತು 'ಏ'ಗಳನ್ನೂ ಬೇರೆಯಾಗಿ ತೋರಿಸಬಲ್ಲದು. ಆದ್ದರಿಂದ 'ಲಿಬರ್ಟಾಸ್' ಬಿಟ್ಟು 'ಲೀಬೆರ್ತಾಸ್' ಎಂದೇ ಅಚ್ಚುಮಾಡಬಹುದು.

ಇಂತಿ,
ಓದುಗರೊಬ್ಬರು